ನಾಸ್ತಿಕನಾದವನು ಅಹಂಕಾರಿಯೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ವಿಚಾರ)

ಕಳೆದ ವರ್ಷ ಎರಡನೆಯ ಬಿ.ಎ. ಪರೀಕ್ಷೆಯ ಫಲಿತಾಂಶ ತಿಳಿದ ದಿನ ನಾನು ಊರಿನಲ್ಲಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಹೊಲದ ಕೂಲಿಯಿಂದ ಆಗತಾನೆ ಬಂದಿದ್ದ ತಂದೆಯವರು ಸುದ್ದಿ ಕೇಳಿ, ಮಣ್ಣಾದ ಕೈಗಳನ್ನು ತೊಳೆಯದೆಯೆ ಜೋಡಿಸಿ, "ಮರಗಮ್ಮನ ದಯಾ ಆತು. ನಡಿ, ಕಾಯಿ ಒಡಸ್ಕೊಂಡು ಬರೂನು" ಎಂದರು. "ಓದಿದವ ನಾ, ಪಾಸಾದವ ನಾ. ಇದರಾಗ ಮರಗಮ್ಮ ಏನ್ ಮಾಡ್ಯಾಳ?" ಎಂದುಬಿಟ್ಟೆ. ತಂದೆಯವರು ಬೈಯಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಾಕಕ್ಷರ ಕಲ್ತು ಸೊಕ್ಕು ಬಂತೇನು ತಮ್ಮಾ?" ಎಂದಷ್ಟೇ ಕೇಳಿ, ಒಬ್ಬರೇ ಗುಡಿಗೆ ಹೋದರು.

ಆ ಪ್ರಶ್ನೆಗೆ ಅಂದು ಉತ್ತರ ಕೊಡಲಾರದೆ ಹೋದೆ. ಈ ಲೇಖನ ಆ ಉತ್ತರದ ಪ್ರಯತ್ನ. ದೇವರಲ್ಲಿ ನನಗಿದ್ದ ನಂಬಿಕೆ ಹೋಗಿದೆ. ಅದು ಸೊಕ್ಕಿನಿಂದ ಹೋಯಿತೋ, ವಿಚಾರದಿಂದ ಹೋಯಿತೋ ಎಂಬುದನ್ನು ಮಾತ್ರ ಪ್ರಾಮಾಣಿಕವಾಗಿ ಪರೀಕ್ಷಿಸಬೇಕಾಗಿದೆ.

ಇದೇ ಪ್ರಶ್ನೆಯನ್ನು ನನಗಿಂತ ಎಷ್ಟೋ ದೊಡ್ಡವನೊಬ್ಬನು ಎದುರಿಸಿದ್ದನೆಂದು ನಮ್ಮ ಗ್ರಂಥಾಲಯದಲ್ಲಿ ಕುಳಿತು ಓದುವಾಗ ತಿಳಿಯಿತು. ಅವನೇ ಭಗತ್ ಸಿಂಗ್. ಅವನ ಹ್ಯಾಟು ಮೀಸೆಗಳ ಚಿತ್ರವನ್ನು ನಾವೆಲ್ಲ ಗೋಡೆಗೆ ಅಂಟಿಸುತ್ತೇವೆ. ಆದರೆ ಲಾಹೋರಿನ ಸೆರೆಮನೆಯಲ್ಲಿ 1930ರ ಅಕ್ಟೋಬರ್ ಮೊದಲ ವಾರದಲ್ಲಿ ಅವನು ಬರೆದ 'ನಾನೇಕೆ ನಾಸ್ತಿಕ' ಎಂಬ ಪ್ರಬಂಧವನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಅವನಿಗೆ ಮರಣದಂಡನೆಯ ತೀರ್ಪು ಬಂದದ್ದು ಅದೇ ಅಕ್ಟೋಬರ್ 7ರಂದು. ಗಲ್ಲಾದದ್ದು 1931ರ ಮಾರ್ಚ್ 23ರಂದು. ಆಗ ಅವನಿಗೆ ವಯಸ್ಸು 23. ಪ್ರಬಂಧವು ಅವನು ತೀರಿಕೊಂಡ ಆರು ತಿಂಗಳ ಮೇಲೆ ಲಾಹೋರಿನ 'ದಿ ಪೀಪಲ್' ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಪ್ರಬಂಧ ಹುಟ್ಟಿದ್ದೇ ಒಂದು ಆಪಾದನೆಯಿಂದ. ಹೆಸರು ಬಂದು ತಲೆ ತಿರುಗಿದೆ, ಅದಕ್ಕೇ ದೇವರನ್ನು ಅಲ್ಲಗಳೆಯುತ್ತಾನೆ ಎಂದು ಅವನ ಜೊತೆಗಾರರೇ ಕೆಲವರು ಆಡಿಕೊಂಡರಂತೆ. ನಮ್ಮ ತಂದೆಯವರ ಮಾತಿಗೂ ಇದಕ್ಕೂ ವ್ಯತ್ಯಾಸವೇನು?

ಭಗತ್ ಸಿಂಗನು ಹುಟ್ಟಿದ್ದು 1907ರಲ್ಲಿ, ಇಂದು ಪಾಕಿಸ್ತಾನಕ್ಕೆ ಸೇರಿರುವ ಲಾಯಲ್‌ಪುರ ಜಿಲ್ಲೆಯ ಬಂಗಾ ಗ್ರಾಮದ ಸಿಖ್ ಮನೆತನದಲ್ಲಿ. ಅವನ ಅಜ್ಜ ಅರ್ಜುನ ಸಿಂಗರು ಸಿಖ್ಖರಾಗಿದ್ದೂ ಆರ್ಯಸಮಾಜವನ್ನು ಒಪ್ಪಿದವರು. ಹುಡುಗ ಲಾಹೋರಿನ ಡಿ.ಎ.ವಿ. ಶಾಲೆಯ ವಸತಿಗೃಹದಲ್ಲಿದ್ದಾಗ ಬೆಳಗು ಬೈಗು ಪ್ರಾರ್ಥನೆ ಮಾಡಿ, ಗಂಟೆಗಟ್ಟಲೆ ಗಾಯತ್ರಿಯನ್ನು ಜಪಿಸುತ್ತಿದ್ದನು. ಮುಂದೆ ನ್ಯಾಷನಲ್ ಕಾಲೇಜು ಸೇರಿದ ಮೇಲೆ ಸಿಖ್ಖರಂತೆ ಕೇಶವನ್ನು ಕತ್ತರಿಸದೆ ಬೆಳೆಸಿದನು. ಆದರೆ ಸಿಖ್ ಧರ್ಮದ್ದಾಗಲಿ, ಬೇರೆ ಯಾವ ಧರ್ಮದ್ದಾಗಲಿ ತತ್ತ್ವ ಪುರಾಣಗಳನ್ನು ತನ್ನ ಮನಸ್ಸು ಒಪ್ಪಲಿಲ್ಲವೆಂದೂ, ದೇವರಿದ್ದಾನೆಂಬ ನಂಬಿಕೆ ಮಾತ್ರ ಆಗಲೂ ಗಟ್ಟಿಯಾಗಿತ್ತೆಂದೂ ಅವನೇ ಹೇಳಿಕೊಂಡಿದ್ದಾನೆ. ಕ್ರಾಂತಿಕಾರರ ಪಕ್ಷದ ಹೊಣೆ ಹೆಗಲಿಗೆ ಬಂದಾಗ, ಎದುರಾಳಿಗಳ ವಾದಕ್ಕೆ ಉತ್ತರ ಕೊಡಲೆಂದು ಓದತೊಡಗಿದನು. ಬಕುನಿನ್, ಮಾರ್ಕ್ಸ್, ಲೆನಿನ್, ಟ್ರಾಟ್ಸ್ಕಿ ಇವರನ್ನು ಓದಿದನು. 1926ರ ಕೊನೆಯ ಹೊತ್ತಿಗೆ ನಂಬಿಕೆ ಪೂರ್ಣ ಹೋಗಿತ್ತು. ಕೇಶ ಹೋದದ್ದು 1928ರಲ್ಲಿ. ಅದೂ ಪೋಲೀಸರ ಕಣ್ಣಿಗೆ ಬೀಳದೆ ಪಕ್ಷದ ಕೆಲಸ ಮಾಡಲೆಂದು.

ಈ ಎರಡು ವರ್ಷಗಳ ಅಂತರವನ್ನು ವಾಚಕರು ಗಮನಿಸಬೇಕು. ಮೊದಲು ಹೋದದ್ದು ನಂಬಿಕೆ, ಆಮೇಲೆ ಹೋದದ್ದು ಲಾಂಛನ. ಎರಡಕ್ಕೂ ಕಾರಣ ಬೇರೆ ಬೇರೆ. ನಮ್ಮಲ್ಲಿ ಹಲವರು ಇದನ್ನು ತಲೆಕೆಳಗು ಮಾಡುತ್ತೇವೆ. ಜನಿವಾರವನ್ನೋ ಲಿಂಗವನ್ನೋ ತಾಯಿತವನ್ನೋ ತೆಗೆದಿಟ್ಟು, ವಿಚಾರ ಮುಗಿಯಿತೆಂದು ಭಾವಿಸುತ್ತೇವೆ. ವಿಚಾರ ಇನ್ನೂ ಆರಂಭವೇ ಆಗಿರುವುದಿಲ್ಲ!

ಅಹಂಕಾರದ ಆಪಾದನೆಗೆ ಅವನು ಕೊಟ್ಟ ಉತ್ತರದ ಸಾರವಿಷ್ಟು. ಅಹಂಕಾರಿಯು ತಾನೇ ದೇವರೆಂದು ತಿಳಿಯಬಹುದು, ಇಲ್ಲವೆ ದೇವರಿಗೆ ತಾನು ಸಮನೆಂದು ಸ್ಪರ್ಧೆಗೆ ನಿಲ್ಲಬಹುದು. ಎರಡರಲ್ಲಿಯೂ ದೇವರೆಂಬುದು ಉಳಿದೇ ಇರುತ್ತದೆ. ಅಂಥವನು ನಾಸ್ತಿಕನೇ ಅಲ್ಲ. ಇನ್ನು ಲಾಭದ ಮಾತು. ಆಸ್ತಿಕನು ಗಲ್ಲಿನ ಕೆಳಗೆ ನಿಂತಾಗ ಮರುಜನ್ಮವನ್ನೋ ಸ್ವರ್ಗವನ್ನೋ ನೆನೆದು ಧೈರ್ಯ ತಂದುಕೊಳ್ಳಬಹುದು. ತನಗೆ ಆ ಆಸರೆಯಿಲ್ಲ. ಹಗ್ಗ ಬಿಗಿದ ಗಳಿಗೆಯೇ ಕೊನೆಯ ಗಳಿಗೆ ಎಂಬುದನ್ನು ಬಲ್ಲೆನೆಂದು ಅವನು ಬರೆಯುತ್ತಾನೆ. 1927ರಲ್ಲಿ ಮೊದಲ ಬಾರಿ ಸೆರೆಯಾದಾಗ, ಪೋಲೀಸ್ ಅಧಿಕಾರಿಗಳು ಪ್ರಾರ್ಥನೆ ಮಾಡಿಕೊಳ್ಳೆಂದು ಅವನಿಗೆ ಬುದ್ಧಿ ಹೇಳುತ್ತಿದ್ದರಂತೆ. ಸುಖದ ದಿನಗಳಲ್ಲಿ ಮಾತ್ರ ನಾಸ್ತಿಕನಾಗಿದ್ದು ಕಷ್ಟ ಬಂದಾಗ ಕೈಮುಗಿಯುವುದೆ ಎಂದು ಅವನು ತನ್ನನ್ನೇ ಪರೀಕ್ಷಿಸಿಕೊಂಡನು, ಕೈಮುಗಿಯಲಿಲ್ಲ. ಇದನ್ನು ಸೊಕ್ಕೆನ್ನಲು ನನಗೆ ಮನಸ್ಸು ಬಾರದು. ಸೊಕ್ಕು ಪ್ರೇಕ್ಷಕರನ್ನು ಬಯಸುತ್ತದೆ. ಸೆರೆಯ ಕೋಣೆಯಲ್ಲಿ ಪ್ರೇಕ್ಷಕರೆಲ್ಲಿ?

ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. ಗದರ್ ಚಳವಳಿಯ ಸಂಬಂಧದಲ್ಲಿ ದೀರ್ಘಕಾಲ ಸೆರೆಯಲ್ಲಿದ್ದ ಭಾಯಿ ರಣಧೀರ ಸಿಂಗರು ಅದೇ ಲಾಹೋರಿನ ಸೆರೆಮನೆಯಲ್ಲಿ ಭಗತ್ ಸಿಂಗನನ್ನು ಕಂಡು ಬುದ್ಧಿ ಹೇಳಿದರು. ಕೊನೆಗೆ ಅವನ ಮನಸ್ಸು ಗುರುಮಾರ್ಗಕ್ಕೆ ತಿರುಗಿತೆಂಬುದು ಅವರ ನೆನಪಿನ ಬರವಣಿಗೆಯಲ್ಲಿದೆ. ಭಗತ್ ಸಿಂಗನ ಪ್ರಬಂಧ ಅದಕ್ಕೆ ವಿರುದ್ಧವಾಗಿದೆ. ಇಬ್ಬರೂ ದೇಶಕ್ಕಾಗಿ ಸೆರೆ ಕಂಡವರೇ. ಆಸ್ತಿಕನಾದವನಿಗೆ ಮಾತ್ರ ತ್ಯಾಗ ಸಾಧ್ಯ ಅಥವಾ ನಾಸ್ತಿಕನಾದವನಿಗೆ ಮಾತ್ರ ಧೈರ್ಯ ಸಾಧ್ಯ ಎಂದು ವಾದಿಸುವವರಿಗೆ ಆ ಒಂದು ಸೆರೆಮನೆಯೇ ಉತ್ತರ.

ಇಷ್ಟು ಓದಿ ನಾನು ಗೆದ್ದೆನೆಂದುಕೊಂಡೆ. ಆದರೆ ನಮ್ಮ ಜಿಲ್ಲೆಯ ಒಂದು ನೆನಪು ನನ್ನನ್ನು ತಡೆಯಿತು.

ನನಗೆ ಒಂಬತ್ತು ವರ್ಷವಿದ್ದಾಗ ತಂದೆಯವರು ನನ್ನನ್ನು ಬೀದರಿನ ನಾನಕ್ ಝೀರಾಕ್ಕೆ ಕರೆದುಕೊಂಡು ಹೋಗಿದ್ದರು. ಗುರು ನಾನಕರು ಬೀದರಿಗೆ ಬಂದಾಗ ಬಂಡೆಯ ಬುಡದಿಂದ ಸಿಹಿನೀರು ಚಿಮ್ಮಿತೆಂಬ ಐತಿಹ್ಯದ ಸ್ಥಳವದು. ತಲೆಗೆ ವಸ್ತ್ರ ಕಟ್ಟಿಕೊಂಡು ಒಳಗೆ ಹೋದೆವು. ಬಳಿಕ ಲಂಗರಿನಲ್ಲಿ ನೆಲದ ಮೇಲೆ ಉದ್ದನೆಯ ಸಾಲಿನಲ್ಲಿ ಕುಳಿತೆವು. ರೊಟ್ಟಿ ಬಡಿಸುವವರು ಬಂದಾಗ ತಂದೆಯವರು ಅಭ್ಯಾಸದಂತೆ ಸಾಲಿನಿಂದ ಸ್ವಲ್ಪ ಹಿಂದಕ್ಕೆ ಸರಿದರು. ಮುಪ್ಪಾದ ಸರದಾರರೊಬ್ಬರು ಏನೂ ಕೇಳದೆ, ಅವರ ತೋಳು ಹಿಡಿದು ಮತ್ತೆ ಸಾಲಿಗೆ ಕೂರಿಸಿ, ಎರಡು ರೊಟ್ಟಿ ಕೈಗಿಟ್ಟು ಮುಂದೆ ಹೋದರು. ನಮ್ಮೂರಿನ ಮದುವೆಯ ಊಟಗಳಲ್ಲಿ ನಮಗೆ ಬೇರೆ ಸಾಲು. ಉಳಿದವರದು ಮುಗಿದ ಮೇಲೆ. ತಂದೆಯವರು ಎಲ್ಲರೊಡನೆ ಒಂದೇ ಸಾಲಿನಲ್ಲಿ ಉಂಡದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಆ ಸಾಲನ್ನು ಕೂಡಿಸಿದ್ದು ತರ್ಕಶಾಸ್ತ್ರವಲ್ಲ, ಧರ್ಮ. 1469ರಲ್ಲಿ ಹುಟ್ಟಿದ ನಾನಕರು ಬಾಲ್ಯದಲ್ಲಿಯೇ ಜನಿವಾರವನ್ನು ನಿರಾಕರಿಸಿದರೆಂದು ಸಿಖ್ಖರು ಹೇಳುತ್ತಾರೆ. ನಮ್ಮ ಬಸವಣ್ಣನವರ ವಿಷಯದಲ್ಲಿ ನಾವು ಹೇಳುವುದೂ ಅದನ್ನೇ. ಅವರ ಕಲ್ಯಾಣವಿರುವುದೂ ಬೀದರ ಜಿಲ್ಲೆಯಲ್ಲಿಯೇ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ ಸಿಂಗರು ಬೀದರಿನವರು, ಕ್ಷೌರಿಕ ಕುಲದವರು ಎಂಬುದು ಸಿಖ್ಖರ ಸಂಪ್ರದಾಯ. ಪ್ರಶ್ನೆಯಿಂದ ಹುಟ್ಟಿದ ಧರ್ಮವನ್ನು ಪ್ರಶ್ನಿಸಿ ಹೊರಬಂದವನು ಆ ಧರ್ಮಕ್ಕೆ ದ್ರೋಹಿಯೋ, ಅಥವಾ ಅದರ ಮೊದಲ ಗುರುವಿನ ಒಂದು ಗುಣವನ್ನು ಉಳಿಸಿಕೊಂಡವನೋ? ಎರಡನೆಯದೇ ಸರಿಯೆಂದು ನನ್ನ ನಮ್ರ ಅಭಿಪ್ರಾಯ. ಆದರೆ ಅವನು ಹೊರಬರುವಾಗ ಆ ಊಟದ ಸಾಲನ್ನು ಒದ್ದು ಬರಕೂಡದು.

ಮತ್ತೊಂದು ತೊಡಕನ್ನೂ ಮರೆಯಲಾಗದು. ಧರ್ಮವೆಂಬುದು ಬರಿಯ ನಂಬಿಕೆಯಲ್ಲ, ಅದು ಒಂದು ಜನ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಕೊಲೆಯಾದ ಬಳಿಕ ದೆಹಲಿಯಲ್ಲಿ ಸಾವಿರಾರು ಸಿಖ್ಖರ ಹತ್ಯೆಯಾಯಿತು. 1988ರ ಸೆಪ್ಟೆಂಬರಿನಲ್ಲಿ ನಮ್ಮ ಬೀದರಿನಲ್ಲಿಯೇ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಕೊಲೆಯಾಯಿತು. ಕೊಂದವರು ನೀನು ಆಸ್ತಿಕನೋ ನಾಸ್ತಿಕನೋ ಎಂದು ಕೇಳಿ ಕೊಲ್ಲಲಿಲ್ಲ. ಇಂಥ ಕಾಲದಲ್ಲಿ ತನ್ನವರ ಕೈಬಿಟ್ಟು ಹೊರಗೆ ನಿಲ್ಲುವುದು ವಿಚಾರವೊ, ಪಲಾಯನವೊ? ಸಿಖ್ಖರ ಇತಿಹಾಸವನ್ನು ಬರೆದ ಖುಷ್ವಂತ್ ಸಿಂಗರು ತಾವು ದೇವರ ವಿಷಯದಲ್ಲಿ ಅಜ್ಞೇಯವಾದಿಗಳೆಂದು ಬಹಿರಂಗವಾಗಿ ಹೇಳಿಕೊಂಡವರು. ಆದರೂ ರುಮಾಲು ಗಡ್ಡಗಳನ್ನು ಕಡೆಯವರೆಗೆ ಬಿಡಲಿಲ್ಲ. ಸ್ವರ್ಣಮಂದಿರದೊಳಗೆ ಸೈನ್ಯ ನುಗ್ಗಿದ್ದನ್ನು ಪ್ರತಿಭಟಿಸಿ 1984ರಲ್ಲಿ ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದರು. ಭಗತ್ ಸಿಂಗನು ನಂಬಿಕೆಯನ್ನೂ ಕೇಶವನ್ನೂ ಬಿಟ್ಟನು. ಇವರು ನಂಬಿಕೆಯಿಲ್ಲದೆಯೂ ಕೇಶವನ್ನು ಉಳಿಸಿಕೊಂಡರು. ಇಬ್ಬರಲ್ಲಿ ಒಬ್ಬರು ಸುಳ್ಳರೆಂದು ನಾನು ಹೇಳಲಾರೆ. ದೇವರನ್ನು ಬಿಡುವುದಕ್ಕೂ ಜನರನ್ನು ಬಿಡುವುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಇಬ್ಬರೂ ತಿಳಿದಿದ್ದರು.

ಈಗ ತಂದೆಯವರ ಪ್ರಶ್ನೆಗೆ ಬರುತ್ತೇನೆ. ನನಗೆ ಸೊಕ್ಕು ಬಂದಿತ್ತೆ?

ಬಂದಿತ್ತು. ಆದರೆ ಅದು ಮರಗಮ್ಮನನ್ನು ಅಲ್ಲಗಳೆದುದರಲ್ಲಿ ಇರಲಿಲ್ಲ. "ಓದಿದವ ನಾ, ಪಾಸಾದವ ನಾ" ಎಂದ ಆ ಎರಡು 'ನಾ'ಗಳಲ್ಲಿತ್ತು. ಪ್ರವೇಶದ ಫೀಜಿಗಾಗಿ ಮನೆಯ ಆಡುಗಳನ್ನು ಮಾರಿದವರು ನಾನಲ್ಲ. ನಾನು ಓದುತ್ತಿದ್ದ ರಾತ್ರಿಗಳಲ್ಲಿ ಒಲೆಯ ಮುಂದೆ ಎಚ್ಚರವಿದ್ದವಳು ನಮ್ಮವ್ವ. ಸಂಜೆ ತಮ್ಮ ಮನೆಗೆ ಕರೆದು ಉಚಿತವಾಗಿ ಪಾಠ ಹೇಳಿದವರು ಊರಿನ ಶಾಲೆಯ ಮಾಸ್ತರರು. ತಂದೆಯವರು ಈ ಋಣವನ್ನೆಲ್ಲ ಒಟ್ಟುಗೂಡಿಸಿ ಮರಗಮ್ಮನ ಹೆಸರಿನಲ್ಲಿ ಬರೆದಿದ್ದರು. ನಾನು ಹೆಸರನ್ನು ಹೊಡೆದುಹಾಕುವ ಭರದಲ್ಲಿ ಸಾಲವನ್ನೇ ಹೊಡೆದುಹಾಕಿದೆ. ಲೆಕ್ಕದಲ್ಲಿ ಹೆಸರು ತಪ್ಪಿದ್ದರೆ ತಿದ್ದಬೇಕು. ಸಾಲವೇ ಇಲ್ಲವೆನ್ನುವುದು ಮೋಸ. ನಾಸ್ತಿಕನಿಗೆ ಋಣ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಆಸ್ತಿಕನು ಒಂದು ಕಾಯಿ ಒಡೆದು ಮನಸ್ಸು ಹಗುರ ಮಾಡಿಕೊಂಡಾನು. ನಾಸ್ತಿಕನು ಒಬ್ಬೊಬ್ಬರ ಮನೆಯ ಬಾಗಿಲಿಗೂ ಹೋಗಿ ತೀರಿಸಬೇಕು.

ಆದಕಾರಣ ನನ್ನ ಸಹಪಾಠಿಗಳಲ್ಲಿ ಒಂದು ಬಿನ್ನಹ. ಹಾಸ್ಟೆಲಿನಲ್ಲಿ ವಿಭೂತಿ ಧರಿಸಿದ ಗೆಳೆಯನನ್ನೋ, ನಮಾಜಿಗೆ ಹೊರಟ ಗೆಳೆಯನನ್ನೋ ಕಂಡು ನಗುವುದನ್ನು ನಾವು ವೈಚಾರಿಕತೆಯೆಂದು ತಿಳಿಯದಿರೋಣ. ಭಗತ್ ಸಿಂಗನು ಓದಿ, ವರ್ಷಗಟ್ಟಲೆ ತೂಗಿ ನೋಡಿ ಬಿಟ್ಟದ್ದನ್ನು ನಾವು ಒಂದು ಸಂಜೆಯ ಹರಟೆಯಲ್ಲಿ ಬಿಟ್ಟರೆ ಅದು ಬಿಟ್ಟಂತಲ್ಲ, ಕಳೆದುಕೊಂಡಂತೆ. ಹಾಗೆಯೇ ನಮ್ಮ ಗುರುಗಳಲ್ಲಿ ಒಂದು ಪ್ರಾರ್ಥನೆ. ತರಗತಿಯಲ್ಲಿ ಹುಡುಗನೊಬ್ಬನು ದೇವರಿಲ್ಲವೆಂದರೆ ಅದನ್ನು ಅಧಿಕಪ್ರಸಂಗವೆಂದು ಕೂರಿಸದಿರಿ. ಹೇಗೆ ತಿಳಿಯಿತೆಂದು ಕೇಳಿರಿ. ನಮ್ಮ ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ನಂಬುವ ಅಂತಃಸಾಕ್ಷಿಗೆ ಇರುವಷ್ಟೇ ಸ್ಥಳ ನಂಬದ ಅಂತಃಸಾಕ್ಷಿಗೂ ಅದರಲ್ಲಿದೆ.

ಈ ಸಂಚಿಕೆ ನಿಮ್ಮ ಕೈ ಸೇರುವ ವೇಳೆಗೆ ನನ್ನ ಕೊನೆಯ ಪರೀಕ್ಷೆ ಮುಗಿದಿರುತ್ತದೆ. ಫಲಿತಾಂಶ ಬಂದ ದಿನ ತಂದೆಯವರು ಮತ್ತೆ ಮರಗಮ್ಮನ ಗುಡಿಗೆ ಹೊರಡುತ್ತಾರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಈ ಸಲ ಅವರನ್ನು ಒಬ್ಬರನ್ನೇ ಕಳಿಸುವುದಿಲ್ಲ. ಕಾಯಿಯ ಚೀಲ ನಾನೇ ಹಿಡಿದು ಗುಡಿಯ ಬಾಗಿಲವರೆಗೆ ಹೋಗುತ್ತೇನೆ. ಒಳಗೆ ಕೈಮುಗಿಯುವುದಿಲ್ಲ, ಅದು ಸುಳ್ಳಾದೀತು. ಅವರು ಹೊರಗೆ ಬಂದ ಮೇಲೆ ಅವರ ಕಾಲಿಗೆ ಎರಗುತ್ತೇನೆ. ಸೊಕ್ಕು ಬಂತೇನು ಎಂದು ಅವರು ಮತ್ತೆ ಕೇಳಿದರೆ, ಬಂದಿತ್ತಪ್ಪಾ, ಹೋಯಿತು ಎನ್ನುತ್ತೇನೆ.