ಕಲಿಸದೆ ಹೊಣೆ ಹೊರಿಸಬೇಡಿ!

ವಾಡಿಯಿಂದ ಸೇಡಂ, ಸೇಡಂನಿಂದ ಚಿಂಚೋಳಿಯವರೆಗೆ ನೆಲದೊಳಗೆ ಸುಣ್ಣದ ಕಲ್ಲು, ನೆಲದ ಮೇಲೆ ಸಿಮೆಂಟಿನ ಚಿಮಣಿ. ಈ ಚಿಮಣಿಗಳ ಒಡೆತನ ಕೆಲವೇ ವರ್ಷಗಳಲ್ಲಿ ಕೈಯಿಂದ ಕೈಗೆ ದಾಟಿದೆ. 2022ರಲ್ಲಿ ವಾಡಿಯ ಎ.ಸಿ.ಸಿ. ಅದಾನಿ ಗುಂಪಿಗೆ ಸೇರಿತು. 2025ರಲ್ಲಿ ಸೇಡಂನ ವಾಸವದತ್ತಾ ಅಲ್ಟ್ರಾಟೆಕ್ ಪಾಲಾಯಿತು. ಅದೇ ವರ್ಷ ಚಿತ್ತಾಪುರ ತಾಲೂಕಿನ ಓರಿಯಂಟ್ ಸಿಮೆಂಟ್ ಅಂಬುಜಾ ಕಂಪನಿಯ ಮೂಲಕ ಅದಾನಿ ಗುಂಪಿನ ಹಿಡಿತಕ್ಕೆ ಬಂದಿತು. ಮಾಲೀಕರು ಬದಲಾದರೆ ಗೇಟಿನ ಬೋರ್ಡು ಮಾತ್ರ ಬದಲಾಗುವುದಿಲ್ಲ. ಲೆಕ್ಕ ಇಡುವ ರೀತಿಯೂ ಬದಲಾಗುತ್ತದೆ. ಆ ಬದಲಾವಣೆಯ ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದೇ ಇಂದಿನ ಪ್ರಶ್ನೆ.

ಇಂದಿನ ಕಾರ್ಖಾನೆಯ ಲೆಕ್ಕ ಕಾಗದದ ಕಿರ್ದಿಯಲ್ಲಿಲ್ಲ, ಇ.ಆರ್.ಪಿ. ಎಂಬ ತಂತ್ರಾಂಶದಲ್ಲಿದೆ. ಇವುಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಸ್ಯಾಪ್. 1972ರಲ್ಲಿ ಜರ್ಮನಿಯ ಐವರು ಕಟ್ಟಿದ ಕಂಪನಿಯದು. ಉಗ್ರಾಣ, ಖರೀದಿ, ಕಾಟಾ, ದುರಸ್ತಿ, ಹಾಜರಿ, ಪಗಾರ, ಬಿಲ್ಲು, ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವುದು ಅದರ ಕೆಲಸ. ಒಳ್ಳೆಯದೇ. ಆದರೆ ಒಂದೇ ದಾರವಾದ ಮೇಲೆ ಒಂದು ಕಡೆ ಎಳೆದರೆ ಎಲ್ಲ ಕಡೆಗೂ ಎಳೆತ ತಾಗುತ್ತದೆ.

ಒಂದು ಉದಾಹರಣೆ ನೋಡಿರಿ. ಕಂಪನಿ 100 ಬೇರಿಂಗಿಗೆ ಆದೇಶ ಕೊಟ್ಟಿದೆ. ಲಾರಿಯಲ್ಲಿ ಬಂದದ್ದು 10. ಹಿಂದಿನ ಕಾಲದ ಉಗ್ರಾಣ ಗುಮಾಸ್ತ ತಪ್ಪಿ 100 ಎಂದು ಬರೆದಿದ್ದರೂ ಸಂಜೆಯೊಳಗೆ ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕುತ್ತಿದ್ದ. ಈಗ ಪರದೆಯೇ ಆದೇಶ ನೋಡಿ 100 ಎಂದು ತುಂಬಿ ತೋರಿಸುತ್ತದೆ. ಅದನ್ನು 10 ಎಂದು ತಿದ್ದಬೇಕೆಂದು ಯಾರೂ ಹೇಳಿಕೊಡದ ಹುಡುಗ ಗುಂಡಿ ಒತ್ತಿದನೆಂದರೆ ಆ ಕ್ಷಣದಲ್ಲೇ ದಾಸ್ತಾನಿನಲ್ಲಿ 90 ಬೇರಿಂಗು ಸುಳ್ಳಾಗಿ ಹುಟ್ಟಿಕೊಳ್ಳುತ್ತವೆ. ಎಣಿಕೆಯ ದಿನ 90 ಕಡಿಮೆ! ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಅವನೇ ಕಳ್ಳ! ಕಲಿಸದೆ ಕೂರಿಸಿದ ಅಧಿಕಾರಿಯ ಹೆಸರು ಆ ಪರದೆಯ ಯಾವ ಮೂಲೆಯಲ್ಲೂ ಇರುವುದಿಲ್ಲ.

ಇದು ಕೂಲಿಗಾರನ ಗೋಳು ಮಾತ್ರವೆಂದು ವ್ಯಾಪಾರಿ ಮಿತ್ರರು ತಿಳಿಯಬೇಡಿರಿ. ಈ ವ್ಯವಸ್ಥೆಯಲ್ಲಿ ಆದೇಶ, ಆವಕ, ಬಿಲ್ಲು ಮೂರೂ ತಾಳೆಯಾಗದೆ ಹಣ ಬಿಡುಗಡೆಯಾಗದು. ಶಹಾಬಾದಿನ ಲೇತ್ ಅಂಗಡಿಯವನು ಮಾಲು ಕೊಟ್ಟು ಬಂದಿರುತ್ತಾನೆ. ಒಳಗೆ ಆವಕ ದಾಖಲಾಗಿರುವುದಿಲ್ಲ. ಕೇಳಿದರೆ, "ಕಂಪ್ಯೂಟರಿನಲ್ಲಿ ತೋರಿಸುತ್ತಿಲ್ಲ" ಎಂಬ ಉತ್ತರ. ನೋಂದಾಯಿತ ಕಿರು ಮತ್ತು ಸಣ್ಣ ಘಟಕಗಳಿಗೆ 45 ದಿನ ಮೀರದಂತೆ ಹಣ ಕೊಡಬೇಕೆಂದೂ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ತೆರಬೇಕೆಂದೂ 2006ರ ಕಾಯ್ದೆ ಹೇಳುತ್ತದೆ. ಕಂಪ್ಯೂಟರು ತೋರಿಸದಿದ್ದರೆ ಕೊಡಬೇಕಾಗಿಲ್ಲ ಎಂದು ಆ ಕಾಯ್ದೆ ಎಲ್ಲಿಯೂ ಹೇಳಿಲ್ಲ.

"ತರಬೇತಿ ಕೊಟ್ಟಿದ್ದೇವೆ, ಹಾಜರಿ ಪಟ್ಟಿಯಲ್ಲಿ ಸಹಿ ಇದೆ" ಎಂಬುದು ಮಾಲೀಕ ವರ್ಗದ ಸಿದ್ಧ ಉತ್ತರ. ಎಂಥ ತರಬೇತಿ? ಪಾಳಿ ಮುಗಿಸಿ ಕಣ್ಣು ಕೂರುತ್ತಿರುವವರನ್ನು ಒಂದು ಕೋಣೆಯಲ್ಲಿ ತುಂಬಿ, ಗೋಡೆಯ ಮೇಲೆ ಇಂಗ್ಲಿಷಿನ ಚಿತ್ರ ಓಡಿಸಿ, ಕೊನೆಗೆ ಚಹಾ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ಪಾಠವಲ್ಲ. ನಾಳೆಯ ದೋಷಾರೋಪಣೆಗೆ ಇಂದೇ ಸಿದ್ಧಪಡಿಸಿದ ಸಾಕ್ಷಿ. ಮಗ್ಗಿಯನ್ನು ಒಮ್ಮೆ ಓದಿ ಹೇಳಿದರೆ ಮಗುವಿಗೆ ಬರುವುದಿಲ್ಲ, ಪಾಟಿಯ ಮೇಲೆ ತಾನೇ ಬರೆದು, ಅಳಿಸಿ, ಮತ್ತೆ ಬರೆದರೆ ಬರುತ್ತದೆ. ಶಾಲೆಯಲ್ಲಿ ಪಾಠ ಮಾಡಿದ ಯಾರಿಗೂ ಗೊತ್ತಿರುವ ಈ ಮಾತು ದೊಡ್ಡ ಸಂಬಳದ ಸಲಹೆಗಾರರಿಗೆ ತಿಳಿಯದೇ? ತಿಳಿದಿದೆ. ಆದರೆ ಖರ್ಚು ಕಡಿತದ ಕತ್ತರಿ ಮೊದಲು ಬೀಳುವುದು ಕಲಿಕೆಯ ಮೇಲೆಯೇ.

ಬ್ರಿಟನ್ನಿನ ಕಥೆ ಕೇಳಿರಿ. ಅಲ್ಲಿಯ ಸರ್ಕಾರಿ ಒಡೆತನದ ಪೋಸ್ಟ್ ಆಫೀಸ್ 1999ರಿಂದ ಹಾರೈಜನ್ ಎಂಬ ಲೆಕ್ಕದ ತಂತ್ರಾಂಶ ತಂದಿತು. ಅಂಚೆ ಕೆಲಸ ನಡೆಸುತ್ತಿದ್ದವರಲ್ಲಿ ಅನೇಕರು ನಮ್ಮ ಕಿರಾಣಿ ಅಂಗಡಿಯವರಂಥ ಸಣ್ಣ ವ್ಯಾಪಾರಿಗಳೇ. ಕಂಪ್ಯೂಟರು "ಹಣ ಕಡಿಮೆ" ಎಂದಿತು. ಅವರು ಕೈಯಿಂದ ತುಂಬಿದರು. ತರಬೇತಿ ಸಾಲದು, ಸಹಾಯ ಸಿಗುತ್ತಿಲ್ಲ ಎಂದು ಕೂಗಿದರು, ಯಾರೂ ಕಿವಿಗೊಡಲಿಲ್ಲ. 900ಕ್ಕೂ ಹೆಚ್ಚು ಜನ ಕಳ್ಳತನ, ವಂಚನೆ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಅಪರಾಧಿಗಳೆನಿಸಿಕೊಂಡರು. 2019ರ ಡಿಸೆಂಬರಿನಲ್ಲಿ ಹೈಕೋರ್ಟು ತಂತ್ರಾಂಶದಲ್ಲೇ ದೋಷಗಳಿದ್ದವೆಂದು ತೀರ್ಪಿತ್ತಿತು. 2024ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಶಿಕ್ಷೆಗಳನ್ನು ರದ್ದುಪಡಿಸಿತು. ಕಂಪ್ಯೂಟರಿನ ಮಾತೇ ವೇದವಾಕ್ಯವೆಂದು ನಂಬಿದ್ದರ ಫಲ ಇದು. ಅಲ್ಲಿ ದೋಷ ಯಂತ್ರದ್ದು, ಇಲ್ಲಿ ಕಲಿಸದವರದ್ದು. ಶಿಕ್ಷೆ ಮಾತ್ರ ಎರಡು ಕಡೆಯೂ ಕೆಳಗಿನವನಿಗೆ.

"ನೀವು ಯಂತ್ರದ ವಿರೋಧಿಗಳು" ಎಂದು ನಮ್ಮನ್ನು ಜರೆಯುವವರಿದ್ದಾರೆ. ಸುಳ್ಳು. 1957ರ ಜುಲೈನಲ್ಲಿ ನಡೆದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಕೂಡಿ ಒಪ್ಪಿದ ಮಾತೇನು? ಹೊಸ ಪದ್ಧತಿ ತರಬಹುದು; ಆದರೆ ಇದ್ದವರ ಕೆಲಸವಾಗಲಿ ಗಳಿಕೆಯಾಗಲಿ ಹೋಗಬಾರದು, ಲಾಭ ಹಂಚಿಕೆಯಾಗಬೇಕು. 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ನೌಕರರ ಸಂಘಟನೆಗಳು ಯಂತ್ರೀಕರಣದ ಬಗ್ಗೆ ಒಪ್ಪಂದ ಮಾಡಿಕೊಂಡದ್ದೂ ಮೇಜಿನ ಮುಂದೆ ಕುಳಿತೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ, ಕೆಲಸಗಾರರನ್ನು ಕಡಿಮೆ ಮಾಡುವ ಸಂಭವವಿರುವ ಹೊಸ ಪದ್ಧತಿಗೆ 21 ದಿನ ಮೊದಲು ನೋಟೀಸು ಕೊಡಬೇಕೆಂಬ ನಿಯಮ ಉಳಿದಿದೆ. ಉಳಿದಿರುವ ಹಕ್ಕನ್ನು ಕೇಳದೆ ಬಿಟ್ಟರೆ ಅದು ಕಾಗದದ ಹಕ್ಕಾಗಿಯೇ ಸಾಯುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟೇ:

ಒಂದು: ತರಬೇತಿ ಕೆಲಸದ ವೇಳೆಯಲ್ಲಿಯೇ ಆಗಬೇಕು. ಪಾಳಿ ಮುಗಿದ ಮೇಲೆ ಕೂರಿಸಿದರೆ ಅದನ್ನು ಹೆಚ್ಚುವರಿ ದುಡಿಮೆಯೆಂದು ಎಣಿಸಿ ದುಪ್ಪಟ್ಟು ಕೂಲಿ ಕೊಡಬೇಕು.

ಎರಡು: ಪಾಠ ಕನ್ನಡದಲ್ಲಿರಬೇಕು, ಉರ್ದು, ತೆಲುಗು ಮಾತನಾಡುವವರಿಗೆ ಅವರ ಮಾತಿನಲ್ಲಿಯೂ ಬಿಡಿಸಿ ಹೇಳಬೇಕು. ಪರದೆಯ ಇಂಗ್ಲಿಷ್ ಪದಗಳಿಗೆ ಕನ್ನಡದ ಕೈಪಿಡಿ ಪ್ರತಿ ಮೇಜಿನ ಮೇಲಿರಬೇಕು.

ಮೂರು: ಗುತ್ತಿಗೆಯವರನ್ನು ಹೊರಗಿಡಬಾರದು. ಗೇಟಿನಲ್ಲಿ, ಕಾಟಾದಲ್ಲಿ ಗುಂಡಿ ಒತ್ತಲು ಅವರು ಬೇಕು, ಕಲಿಸುವಾಗ ಬೇಡವೇ?

ನಾಲ್ಕು: ನಿಜವಾದ ಲೆಕ್ಕಕ್ಕೆ ಕೈ ಹಾಕುವ ಮೊದಲು ಅಭ್ಯಾಸದ ಲೆಕ್ಕದಲ್ಲಿ ತಪ್ಪು ಮಾಡಿ ತಿದ್ದಿಕೊಳ್ಳಲು ಅವಕಾಶ ಬೇಕು. ಮೊದಲ ಆರು ತಿಂಗಳ ದಾಖಲೆ ತಪ್ಪಿಗೆ ದಂಡವಿಲ್ಲ, ಅಮಾನತಿಲ್ಲ.

ಐದು: ಒಬ್ಬೊಬ್ಬರಿಗೂ ಪ್ರತ್ಯೇಕ ಪಾಸ್‌ವರ್ಡ್. ಮೂವರು ಒಂದೇ ಪಾಸ್‌ವರ್ಡಿನಲ್ಲಿ ದುಡಿದು ಒಬ್ಬನೇ ಬಲಿಯಾಗುವುದು ನಿಲ್ಲಬೇಕು. ದಾಸ್ತಾನು ಕಡಿಮೆ ಬಂದರೆ ಚೀಟಿ, ಕಾಟಾ ರಸೀದಿ, ಪರದೆ ಮೂರನ್ನೂ ಸಂಘದ ಪ್ರತಿನಿಧಿಯ ಎದುರು ತಾಳೆ ನೋಡಬೇಕು.

ಆರು: ಹಳೆಯ ಉಗ್ರಾಣಿಕನ ತಲೆಯಲ್ಲಿದ್ದ ತಿಳಿವನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿಕೊಂಡು ಅವನಿಗೆ ಬಾಗಿಲು ತೋರಿಸಬಾರದು.

ವ್ಯಾಪಾರಿ ಬಂಧುಗಳಿಗೂ ಒಂದು ಕಿವಿಮಾತು. ದಾಲ್ ಮಿಲ್ಲಿನಲ್ಲಿ, ಅಡತಿ ಅಂಗಡಿಯಲ್ಲಿ ನೀವೂ ಟ್ಯಾಲಿ ಇಟ್ಟಿದ್ದೀರಿ, 2017ರ ಜಿ.ಎಸ್.ಟಿ. ಬಂದ ಮೇಲೆ ಅದಿಲ್ಲದೆ ಸಾಗದು. ಕೈಯಿಂದ ಫೀಸು ಕಟ್ಟಿ ಕಲಿತು ಬಂದ ಹುಡುಗನಿಗೆ ಅರೆಪಗಾರ ಕೊಟ್ಟು, ರಿಟರ್ನಿನಲ್ಲಿ ತಪ್ಪಾದರೆ ದಂಡವನ್ನು ಅವನ ಪಗಾರದಲ್ಲಿ ಮುರಿದುಕೊಳ್ಳುವುದು ದೊಡ್ಡ ಮಾಲೀಕನ ಚಾಳಿ. ಅದು ನಿಮಗೆ ಬೇಡ. ನಿಮ್ಮ ಬಿಲ್ಲು ಕಾರ್ಖಾನೆಯಲ್ಲಿ ಸಿಕ್ಕಿಕೊಳ್ಳದಿರಬೇಕಾದರೆ ಅಲ್ಲಿಯ ಗುಮಾಸ್ತನ ಬೇಡಿಕೆಗೆ ನಿಮ್ಮ ದನಿಯೂ ಕೂಡಬೇಕು.

ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿದ್ದನ್ನು ಕಂಡ ನಮ್ಮ ಜನಕ್ಕೆ ಕೆಲಸ ಹೋಗುವ ಭಯ ಗೊತ್ತು. ಆ ಭಯದಿಂದಲೇ "ನನಗೆ ಬರುವುದಿಲ್ಲ, ಕಲಿಸಿರಿ" ಎನ್ನಲು ಬಾಯಿ ಬರುವುದಿಲ್ಲ. ಒಬ್ಬನೇ ಹೇಳಿದರೆ ಅದು ದಡ್ಡತನವೆನಿಸೀತು. ಪಾಳಿಯ ಎಲ್ಲರೂ ಒಟ್ಟಾಗಿ ಬರೆದುಕೊಟ್ಟರೆ ಅದು ಹಕ್ಕೊತ್ತಾಯ. ಕಾಗದ ತೆಗೆಯಿರಿ, ಮೇಲಿನ ಆರು ಬೇಡಿಕೆ ಬರೆಯಿರಿ, ಕಲಿಯದೆ ಸಹಿ ಹಾಕೆವು ಎಂದು ಕೆಳಗೆ ಸೇರಿಸಿರಿ. ಗುಂಡಿ ಒತ್ತುವ ಕೈ ನಮ್ಮದಾದರೆ ಕಲಿಯುವ ಹಕ್ಕೂ ನಮ್ಮದೇ!