ಹೊಳೆಯೇ ಪಾಠವಾಗಲಿ

ಅಮೆರಿಕದಲ್ಲಿ ಪಶುವೈದ್ಯರು ಒಮ್ಮೆ ಪದವಿ ಪಡೆದ ಬಲದ ಮೇಲೆಯೇ ಜೀವಮಾನವಿಡೀ ವೃತ್ತಿ ನಡೆಸುವಂತಿಲ್ಲ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕಾದರೆ ಗೊತ್ತುಪಡಿಸಿದಷ್ಟು ಗಂಟೆಗಳ ಮುಂದುವರಿಕೆ ಶಿಕ್ಷಣ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಇದು ಎರಡು ವರ್ಷಕ್ಕೆ 36 ಗಂಟೆ. ರೋಗಗಳೂ ಔಷಧಗಳೂ ಬದಲಾಗುತ್ತಿರುವಾಗ ವೈದ್ಯನ ಅರಿವು ನಿಂತ ನೀರಾಗಬಾರದೆಂಬ ಈ ನಿಯಮದ ಆಶಯ ಮೆಚ್ಚತಕ್ಕದ್ದು.

ಈ ನಿಯಮದ ನೆರಳಿನಲ್ಲಿ ಒಂದು ವ್ಯಾಪಾರವೂ ಬೆಳೆದಿದೆ. ಕಡಲತೀರ, ಹಿಮದ ಇಳಿಜಾರು, ಮೀನಿನ ಹೊಳೆ ಮುಂತಾದ ರಮ್ಯ ತಾಣಗಳಲ್ಲಿ ತರಗತಿಗಳನ್ನು ಏರ್ಪಡಿಸಿ, ಓದು ಮತ್ತು ವಿಹಾರಗಳನ್ನು ಒಂದೇ ಕಟ್ಟಿನಲ್ಲಿ ಮಾರಲಾಗುತ್ತದೆ. ದಿನದ ಒಂದು ಪಾಲು ಉಪನ್ಯಾಸಕ್ಕೆ. ಉಳಿದದ್ದು ಮಾರ್ಗದರ್ಶಿಯೊಡನೆ ನೀರಿಗಿಳಿದು ಟ್ರೌಟ್ ಮೀನಿಗೆ ಗಾಳ ಹಾಕುವುದಕ್ಕೆ. ಫ್ಲೈ ಫಿಶಿಂಗ್ ಎಂಬ ಈ ಆಟದಲ್ಲಿ ಎರೆಹುಳುವಿನ ಬಳಕೆಯಿಲ್ಲ. ಗರಿ, ಕೂದಲು, ನೂಲುಗಳಿಂದ ಕಟ್ಟಿದ ಹುಸಿ ಕೀಟವನ್ನು ಕೊಕ್ಕೆಗೆ ಸಿಕ್ಕಿಸಿ, ಬಳುಕುವ ಕೋಲಿನಿಂದ ನೀರಿನ ಮೇಲೆ ಬೀಸಲಾಗುತ್ತದೆ. ಹಿಡಿದ ಮೀನನ್ನು ಬಹುಪಾಲು ಮಂದಿ ಮರಳಿ ನೀರಿಗೆ ಬಿಡುತ್ತಾರೆ.

ಪಶುವೈದ್ಯರಿಗೆ ವಿಶ್ರಾಂತಿ ಬೇಡವೆಂದು ಯಾರೂ ಹೇಳಲಾರರು. ಆ ವೃತ್ತಿಯ ಭಾರ ಸಣ್ಣದಲ್ಲ. ಅಮೆರಿಕದಲ್ಲಿ 1979ರಿಂದ 2015ರವರೆಗಿನ ಮರಣ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಪಶುವೈದ್ಯೆಯರು ಆತ್ಮಹತ್ಯೆಯಿಂದ ಸಾಯುವ ಪ್ರಮಾಣ ಸಾಮಾನ್ಯ ಮಹಿಳೆಯರಿಗಿಂತ ಮೂರೂವರೆ ಪಟ್ಟು ಹೆಚ್ಚೆಂದು ತೋರಿಸಿತು. ಹೊಳೆಯ ದಂಡೆಯ ನಾಲ್ಕು ದಿನ ಅಂಥವರ ಮನಸ್ಸಿಗೆ ತಂಪೆರೆಯುವುದಾದರೆ ಸಂತೋಷವೇ. ಪ್ರಶ್ನೆ ಇರುವುದು ಬೇರೆಡೆ. ಬೆಳಗ್ಗೆ ನಾಯಿಯ ಹಲ್ಲಿನ ಚಿಕಿತ್ಸೆಯ ಪಾಠ, ಮಧ್ಯಾಹ್ನ ಮೀನಿನ ಬೇಟೆ ಎಂದಾದರೆ, ಕಲಿಕೆಗೂ ಹೊಳೆಗೂ ಏನು ಸಂಬಂಧ? ಹೊಳೆ ಅಲ್ಲಿ ನಾಟಕದ ಹಿಂಪರದೆ ಮಾತ್ರ. ಪ್ರವಾಸವೇ ಶಿಕ್ಷಣವೆಂಬ ವಾದಕ್ಕೆ ತೆರಿಗೆ ವಿನಾಯಿತಿ ಸಲ್ಲದೆಂದು ಅಮೆರಿಕದ ಕಾನೂನೇ 1986ರಲ್ಲಿ ಹೇಳಿದೆ.

ವಿಪರ್ಯಾಸವೆಂದರೆ, ಆ ಹೊಳೆಗಳಲ್ಲಿ ಪಶುವೈದ್ಯರು ಕಲಿಯಬೇಕಾದ ಪಾಠಗಳಿಗೆ ಕೊರತೆಯಿಲ್ಲ. ಗಾಳಪ್ರಿಯರ ಕಾಶಿಯೆನಿಸಿದ ಮೊಂಟಾನಾ ರಾಜ್ಯದ ಮ್ಯಾಡಿಸನ್ ನದಿಯನ್ನೇ ನೋಡಬಹುದು. ಮೀನು ತಲೆಸುತ್ತಿ ಗಿರಗಿರನೆ ತಿರುಗುತ್ತ ಸಾಯುವ ಸುತ್ತುರೋಗ ಅಲ್ಲಿ ಪತ್ತೆಯಾದದ್ದು 1994ರಲ್ಲಿ. ಅಷ್ಟರೊಳಗೆ ನದಿಯ ಮೇಲ್ಭಾಗದ ಮಳೆಬಿಲ್ಲು ಟ್ರೌಟ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅಳಿದಿದ್ದವು. ಯುರೋಪಿನಿಂದ ಬಂದ ಈ ಪರಾವಲಂಬಿ ಜೀವಿಗೆ ಬದುಕಲು ಮೀನೂ ಬೇಕು, ಕೆಸರಿನಲ್ಲಿರುವ ಒಂದು ಬಗೆಯ ಹುಳುವೂ ಬೇಕು. ಒಂದು ಹೊಳೆಯ ಕೆಸರು ಬೂಟಿಗೆ ಅಂಟಿ ಇನ್ನೊಂದು ಹೊಳೆಗೆ ಹೋದರೆ ರೋಗವೂ ಜೊತೆಯಲ್ಲಿ ಹೋಗಬಹುದು. 2016ರ ಆಗಸ್ಟ್‌ನಲ್ಲಿ ಯೆಲ್ಲೋಸ್ಟೋನ್ ನದಿಯಲ್ಲಿ ಮತ್ತೊಂದು ಪರಾವಲಂಬಿಯಿಂದ ಸಾವಿರಾರು ವೈಟ್‌ಫಿಶ್‌ಗಳು ಸತ್ತು ತೇಲಿದಾಗ, ಸರ್ಕಾರ 183 ಮೈಲಿ ಉದ್ದದ ನದಿಯನ್ನೇ ಮುಚ್ಚಬೇಕಾಯಿತು. ನೀರು ಕಡಿಮೆಯಾಗಿ ಬಿಸಿಯೇರಿದ್ದು ಆ ರೋಗಕ್ಕೆ ಬಲ ಕೊಟ್ಟಿತ್ತು.

ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅಂಥಲ್ಲಿ ಗಾಳಕ್ಕೆ ಸಿಕ್ಕಿ ಸೆಣಸಿ ದಣಿದ ಮೀನು, ಬಿಟ್ಟ ಮೇಲೂ ಬದುಕುವ ಭರವಸೆಯಿಲ್ಲ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ ಸೋಂಕಿಗೆ ದಾರಿಯಾಗುತ್ತದೆ. ಆದ್ದರಿಂದಲೇ ಮೊಂಟಾನಾದಲ್ಲಿ ಬೇಸಿಗೆಯಲ್ಲಿ ನೀರಿನ ಶಾಖ ಮೂರು ದಿನ ಸತತವಾಗಿ ಸುಮಾರು 23 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮಧ್ಯಾಹ್ನ ಎರಡು ಗಂಟೆಯಿಂದ ನಡುರಾತ್ರಿಯವರೆಗೆ ಗಾಳ ಹಾಕುವುದಕ್ಕೆ ನಿರ್ಬಂಧ ಬೀಳುತ್ತದೆ. ಉಸಿರು, ದಣಿವು, ಸೋಂಕು, ರೋಗ ಹರಡುವ ದಾರಿ ಇವೆಲ್ಲ ಪಶುವೈದ್ಯರ ವಿದ್ಯೆಗೆ ಸೇರಿದ ಸಂಗತಿಗಳು. ಹೊಳೆಯ ದಂಡೆಯಲ್ಲಿ ನಡೆಯುವ ತರಗತಿ ಇವನ್ನು ಬೋಧಿಸಿದರೆ, ನೀರಿನ ಶಾಖ ಅಳೆದು ಬರೆದಿಟ್ಟರೆ, ಬೂಟು ತೊಳೆದು ಒಣಗಿಸುವ ಶಿಸ್ತು ಕಲಿಸಿದರೆ, ಸತ್ತ ಮೀನನ್ನು ಪರೀಕ್ಷಿಸಿ ಇಲಾಖೆಗೆ ವರದಿ ಕೊಟ್ಟರೆ, ಆ ವಿಹಾರಕ್ಕೆ ಅರ್ಥ ಬರುತ್ತದೆ.

ಆಟದ ಲೆಕ್ಕವೂ ವಿಜ್ಞಾನವಾಗಬಲ್ಲದೆಂಬುದಕ್ಕೆ ಕಾವೇರಿಯಲ್ಲಿಯೇ ಸಾಕ್ಷ್ಯವಿದೆ. ಗಾಳಿಬೋರೆಯ ಮೀನುಗಾರಿಕೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮಹಶೀರ್ ಮೀನುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಲಾಗಿತ್ತು. ಆ ಪುಟಗಳನ್ನು ಸಂಶೋಧಕರು ತೆರೆದು ನೋಡಿದಾಗ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ, ಕಾವೇರಿಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತ ಬಂದದ್ದು ಕಂಡಿತು. 2018ರಲ್ಲಿ ಗೂನುಬೆನ್ನಿನ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಗಾಳ ಹಾಕಿದವರು ಸುಮ್ಮನೆ ಆಡಿ ಹೋಗಿದ್ದರೆ, ಈ ಅಳಿವು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತಿತ್ತು.

ಮಲೆನಾಡಿನ ಹಳ್ಳಿಗರಿಗೂ ವಿದ್ಯಾರ್ಥಿಗಳಿಗೂ ಇದು ದೂರದ ಮಾತಲ್ಲ. ಘಟ್ಟದ ತಪ್ಪಲಿನ ರೆಸಾರ್ಟುಗಳಿಗೂ ಹೋಂಸ್ಟೇಗಳಿಗೂ ವಿಚಾರ ಸಂಕಿರಣದ ಹೆಸರಿನಲ್ಲಿ ಜನ ಬರುತ್ತಾರೆ, ಹಳ್ಳದ ನೀರಿನಲ್ಲಿ ಮಿಂದು ಹೋಗುತ್ತಾರೆ. ಬಂದವರನ್ನು ಆದರಿಸುವುದು ಇಲ್ಲಿನ ಗುಣ. ಆದರೆ ಆತಿಥ್ಯದ ಜೊತೆಗೆ ಕೆಲವು ಪ್ರಶ್ನೆಗಳನ್ನೂ ಕೇಳಬೇಕು. ಸಂಕಿರಣದಲ್ಲಿ ಚರ್ಚೆಯಾದದ್ದರಲ್ಲಿ ಈ ಊರಿನ ಕೊಟ್ಟಿಗೆಗೆ ದಕ್ಕುವುದು ಏನು? ಬಂದ ವೈದ್ಯರು ಒಂದು ಬೆಳಗನ್ನಾದರೂ ಇಲ್ಲಿನ ದನಕರುಗಳ ತಪಾಸಣೆಗೆ ಕೊಡಬಲ್ಲರೇ? ಹಳ್ಳಕ್ಕೆ ಸೇರುವ ಕೊಳಚೆಗೆ ಹೊಣೆ ಯಾರು?

1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಪುಣೆಯಿಂದ ಬಂದ ವಿಜ್ಞಾನಿಗಳು ಆ ಸಾವಿನ ಜಾಡು ಹಿಡಿದು ಮಂಗನ ಕಾಯಿಲೆಯ ವೈರಾಣುವನ್ನು ಕಂಡುಹಿಡಿದರು. ಕಾಡಿನ ಉಣ್ಣೆಯಿಂದ ಮನುಷ್ಯನ ಜ್ವರದವರೆಗಿನ ಕೊಂಡಿ ಜಗತ್ತಿಗೆ ತಿಳಿದದ್ದು, ಸ್ಥಳವನ್ನೇ ಪಾಠವೆಂದು ಬಗೆದು ಓದಿದವರಿಂದ. ಮ್ಯಾಡಿಸನ್ ದಂಡೆಯ ಪಶುವೈದ್ಯರಿಗಾಗಲಿ, ತುಂಗೆಯ ದಂಡೆಗೆ ಬರುವ ವಿದ್ವಾಂಸರಿಗಾಗಲಿ ಅನ್ವಯಿಸಬೇಕಾದ ಅಳತೆಗೋಲು ಇದೇ. ಪ್ರಮಾಣಪತ್ರದಲ್ಲಿ ಎಷ್ಟು ಗಂಟೆ ಬರೆದಿದೆಯೆಂಬುದಕ್ಕಿಂತ, ಬಂದವರು ಹೋದ ಮೇಲೆ ಹೊಳೆ ಹೇಗಿದೆ, ಅದರ ಬಗೆಗಿನ ತಿಳಿವಳಿಕೆ ಎಷ್ಟು ಹೆಚ್ಚಿದೆ ಎಂಬುದು ಮುಖ್ಯ. ಈ ಲೆಕ್ಕವನ್ನು ಕೇಳುವ ಹಕ್ಕು ಹೊಳೆಯ ದಂಡೆಯಲ್ಲಿ ಬಾಳುವವರಿಗಿದೆ. ಕೇಳುವ ಹೊಣೆಯೂ ಅವರದೇ.