ಊರ ಗುಡಿಯ ಚರಿತ್ರೆ ಬರೆಯುವವರಾರು?

ಗ್ರೀಸಿನ ಪಾರ್ಥೆನಾನಿನ ಬಗ್ಗೆ, ಯುರೋಪಿನ ಗಾಥಿಕ್ ಚರ್ಚುಗಳ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆಯಬಲ್ಲ ನಾವು, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಬಗ್ಗೆ ಎರಡು ಸಾಲನ್ನಾದರೂ ಬರೆಯಬಲ್ಲೆವೇ? ತಾರಿಹಾಳದವನಾದ ನನಗೆ ಅದು ದೂರದ ಊರೇನಲ್ಲ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಹೋಗಿಬರುವ ಸಹಪಾಠಿಗಳಿಗಂತೂ ಅದು ಹಾದಿಯಲ್ಲಿಯೇ ಇದೆ.

ಸುಮಾರು 900 ವರ್ಷಗಳ ಹಿಂದಿನ, ಕಲ್ಯಾಣ ಚಾಲುಕ್ಯರ ಕಾಲದ ಗುಡಿಯಿದು. ಸಾಮಾನ್ಯವಾಗಿ ಗುಡಿಗೆ ಒಂದೇ ಮುಖ. ಇದಕ್ಕಾದರೋ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಕಡೆಯಿಂದ ಬಂದವನಿಗೂ ದಾರಿ ಇರಲೆಂದು ಕಟ್ಟಿದಂತೆ ಕಾಣುತ್ತದೆ. ಬಾದಾಮಿ, ಐಹೊಳೆಗಳಲ್ಲಿ ಮೊದಲಿನ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿಸಿದರು. ಮುಂದೆ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ನುಣುಪಾದ ಬಳಪದ ಕಲ್ಲನ್ನು ಆರಿಸಿಕೊಂಡರು. ನೆಲದಿಂದ ತೆಗೆದಾಗ ಅದು ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕಂಬಗಳನ್ನು ತಿರುಗಿಸಿ ಕಡೆಯುವುದಕ್ಕೂ ಕೂದಲೆಳೆಯಂಥ ಕೆತ್ತನೆಗೂ ಅದು ಒದಗಿತು. ಇಂಥ ಕಲ್ಲುಗಳಿರುವ ಶಿಲಾಸಮೂಹಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರೇ 'ಧಾರವಾಡ'. ನಮ್ಮ ಜಿಲ್ಲೆಯ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಹಳೆಯ ಗುಡಿ ಯಾವುದೇ ಇರಲಿ, ಅದನ್ನು ಕಟ್ಟಿದವರು ಯಾರೆಂದು ಕೇಳಿದರೆ 'ಜಕಣಾಚಾರಿ' ಎಂಬ ಉತ್ತರ ಸಿದ್ಧವಾಗಿದೆ. ಕಥೆ ಚೆಂದ. ಆದರೆ ಆ ಒಂದು ಹೆಸರಿನ ಹಿಂದೆ ಕಲ್ಲು ಒಡೆದವರು, ಬಂಡಿ ಹೊಡೆದವರು, ಕಂಬ ಕಡೆದವರು ಎಲ್ಲರೂ ಮರೆಯಾಗುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಕಲ್ಲಿನ ಮೇಲಿವೆ. ಅವರೂ ಚಾಲುಕ್ಯ ನಾಡಿನಲ್ಲಿ ಪಳಗಿದ ಕೈಯವರೇ. ದುಡಿದು ಉಣ್ಣುವವರ ಮನೆಯಿಂದ ಮೊದಲ ಸಲ ಬಿ.ಎ. ತನಕ ಬಂದ ನನ್ನಂಥವನಿಗೆ ಅರಸರ ಹೆಸರಿಗಿಂತ ಈ ಹೆಸರುಗಳು ಹತ್ತಿರದವೆನಿಸುತ್ತವೆ.

ಪುರಾತತ್ವ ಇಲಾಖೆಯೇ ಗುಡಿಯನ್ನು ರಕ್ಷಿಸುತ್ತಿರುವಾಗ ನಮಗೇನು ಕೆಲಸವೆಂದು ಯಾರಾದರೂ ಕೇಳಬಹುದು. 2010ರ ಕಾನೂನಿನ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಈ ಕಾನೂನು ಬೇಕೇ ಬೇಕು. ಆದರೆ ಉಣಕಲ್ಲಿನ ಗುಡಿಯ ಸುತ್ತ ಮನೆಗಳು ಒತ್ತಾಗಿವೆ. ಸೋರುವ ಮಾಳಿಗೆಯ ದುರಸ್ತಿಗೂ ಅನುಮತಿ ಕೇಳಬೇಕಾದವನಿಗೆ ಗುಡಿಯೊಂದು ಸಂಕಟವೆನಿಸಿದರೆ ಆಶ್ಚರ್ಯವೇನು? ಸ್ಮಾರಕಗಳ ಮುಂದಿನ ನೀಲಿ ಹಲಗೆ ಕೆಡಿಸಿದವರಿಗೆ ಆಗುವ ಶಿಕ್ಷೆಯನ್ನು ಹೇಳುತ್ತದೆ. ಕಟ್ಟಿದವರ ಜಾಣ್ಮೆಯನ್ನು ಹೇಳುವುದಿಲ್ಲ. ಕಾನೂನು ಕಲ್ಲನ್ನು ಕಾಯಬಲ್ಲುದು, ಅಕ್ಕರೆಯನ್ನು ಹುಟ್ಟಿಸಲಾರದು. ಅದು ತಿಳಿವಳಿಕೆಯಿಂದಲೇ ಬರಬೇಕು.

ಇಂಗ್ಲೆಂಡಿನ ಎಷ್ಟೋ ಹಳ್ಳಿಗಳ ಹಳೆಯ ಚರ್ಚುಗಳಲ್ಲಿ ಬಾಗಿಲ ಬಳಿ ಒಂದು ಕಿರುಹೊತ್ತಗೆ ಇಟ್ಟಿರುತ್ತಾರೆ. ಯಾವ ಗೋಡೆ ಯಾವ ಶತಮಾನದ್ದು, ಯಾವ ಗಂಟೆಯನ್ನು ಯಾರು ಕೊಟ್ಟರು ಎಂಬುದೆಲ್ಲ ಅದರಲ್ಲಿರುತ್ತದೆ. ಬರೆದವರು ಅನೇಕ ಸಲ ಆ ಊರಿನವರೇ. ಉಣಕಲ್ಲಿನ ಗುಡಿಗೂ ಅಮರಗೋಳದ ಶಂಕರಲಿಂಗ ಗುಡಿಗೂ ಊರವರ ಕೈಗೆ ಸಿಗುವಂಥ ಹದಿನಾರು ಪುಟದ ಕನ್ನಡ ಹೊತ್ತಗೆಯನ್ನು ನಾವೇಕೆ ಬರೆಯಬಾರದು? ಇತಿಹಾಸದ ವಿದ್ಯಾರ್ಥಿಗಳು ಅಳತೆ ತೆಗೆದು ನಕ್ಷೆ ಬರೆಯಲಿ. ಕನ್ನಡದ ವಿದ್ಯಾರ್ಥಿಗಳು ಊರ ಹಿರಿಯರ ಮಾತುಗಳನ್ನು ಬರೆದುಕೊಳ್ಳಲಿ; ಜಕಣಾಚಾರಿಯ ಕಥೆಯೂ ಅದರಲ್ಲಿ ಕಥೆಯೆಂದೇ ಇರಲಿ. ನಮ್ಮ ಗುರುಗಳು ತಪ್ಪು ತಿದ್ದಿಕೊಡಲಿ. ಮೊದಲ ಪ್ರತಿಗಳು ಗುಡಿಯ ಸುತ್ತಲಿನ ಮನೆಗಳಿಗೆ, ಊರಿನ ಶಾಲೆಗೆ ಹೋಗಲಿ.

ನಮ್ಮ ಹಿರಿಯರು ಅಕ್ಷರ ಕಲಿಯದಿದ್ದರೂ ಕೈಮುಗಿದು ಗುಡಿಗಳನ್ನು ಉಳಿಸಿಕೊಂಡು ಬಂದರು. ಅಕ್ಷರ ಕಲಿತ ನಾವು ಬರೆದು ಉಳಿಸಬೇಕು. ಈ ರಜೆಯಲ್ಲಿಯೇ ಅದಕ್ಕೆ ಕೈಹಚ್ಚೋಣ.